ಮೊದಲು ಹೆಸರೋ, ಮುಖವೋ?

ಮನೆಯಲ್ಲಿ ಮಗು ಹುಟ್ಟಿತೆಂದರೆ ನಾವು ಕೇಳುವ ಪ್ರಶ್ನೆಗಳು ಎರಡು. ಗಂಡೋ ಹೆಣ್ಣೋ? ಯಾರ ಹಾಗಿದೆ? ಎರಡನೆಯ ಪ್ರಶ್ನೆಗೆ ಉತ್ತರ ಹೇಳಲಾಗದಂಥ ಮಗು ನಮ್ಮ ಮನೆಯಲ್ಲಿಯೇ ಹುಟ್ಟಿದಾಗ, ಇಷ್ಟು ಸಾಧಾರಣವಾದ ಪ್ರಶ್ನೆಯೂ ಎಷ್ಟು ಕ್ರೂರವಾಗಬಲ್ಲದೆಂದು ನನಗೆ ತಿಳಿಯಿತು.

ನಮ್ಮ ತಾಯಿ ನನ್ನೊಡನೆ ಪಶ್ಚಿಮ ಮಾಂಬಲದಲ್ಲಿ ಇರುವುದರಿಂದ ತಂಗಿಗೆ ತವರೆಂದರೆ ಚೆನ್ನೈಯೇ. ಚೊಚ್ಚಲ ಹೆರಿಗೆಗೆ ಹಾಸನದಿಂದ ಇಲ್ಲಿಗೇ ಬಂದಳು. ಹೆಣ್ಣುಮಗು. ಮೇಲಿನ ಒಸಡಿನಿಂದ ನೆಲ್ಲಿಕಾಯಿ ಗಾತ್ರದ ಗಂಟೊಂದು ಬೆಳೆದು ತುಟಿಗಳ ನಡುವೆ ಹೊರಕ್ಕೆ ಚಾಚಿಕೊಂಡಿತ್ತು. ಬಾಯಿ ಮುಚ್ಚಲಾಗದು, ಮೊಲೆ ಹಿಡಿಯಲಾಗದು. "ಗ್ರಹಣದ ದಿನ ಹೊರಗೆ ಹೋಗಿದ್ದೆಯೇನೇ?" ಎಂದು ತಾಯಿ ಕೇಳಿದರು. "ನಿಮ್ಮ ವಂಶದಲ್ಲಿ ಯಾರಿಗಾದರೂ ಹೀಗಿತ್ತೆ?" ಎಂದು ಬೀಗರು ಫೋನಿನಲ್ಲಿ ಕೇಳಿದರು. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದ ನಾನು ಅವರಿಗಿಂತ ಮೇಲೇನೂ ಆಗಲಿಲ್ಲ. ನಾನು ಡಾಕ್ಟರನ್ನು ಮೊದಲು ಕೇಳಿದ್ದು, "ಮುಖ ಸರಿಹೋಗುತ್ತದೆಯೆ?" ಎಂದು.

ಶಸ್ತ್ರವೈದ್ಯರ ಪ್ರಶ್ನೆಗಳೇ ಬೇರೆ. ಪ್ರತಿದಿನ ತೊಟ್ಟಿಲ ಬಳಿ ಬಂದು ಅವರು ನರ್ಸನ್ನು ಕೇಳುತ್ತಿದ್ದುದು ಎರಡೇ ಮಾತು: ಉಸಿರಾಟ ಹೇಗಿದೆ? ಹಾಲು ಎಷ್ಟು ಹೋಯಿತು? ಮುಖದ ಮಾತು ಅವರು ಎತ್ತುತ್ತಲೇ ಇರಲಿಲ್ಲ. ಮೊದಮೊದಲು ಇದು ನನಗೆ ನಿರ್ದಯವೆನಿಸಿತು. ಈಗ ಯೋಚಿಸಿದರೆ, ಆ ವಾರ್ಡಿನಲ್ಲಿ ನೀತಿಯ ಪ್ರಶ್ನೆಯನ್ನು ಸರಿಯಾಗಿ ಕೇಳುತ್ತಿದ್ದವರು ಅವರೊಬ್ಬರೇ.

ಅವರು ವಿವರಿಸಿದ ಪ್ರಕಾರ ಈ ಗಂಟಿಗೆ ಎಪ್ಯುಲಿಸ್ ಎಂದು ಹೆಸರು. 1871ರಲ್ಲಿ ನಾಯ್ಮನ್ ಎಂಬ ಜರ್ಮನ್ ವೈದ್ಯ ಇದನ್ನು ಮೊದಲು ವರ್ಣಿಸಿದ. ಬಹಳ ಅಪರೂಪ; ಬಂದರೆ ಹೆಚ್ಚಾಗಿ ಹೆಣ್ಣುಮಕ್ಕಳಿಗೇ ಬರುತ್ತದೆ. ಇದು ಕ್ಯಾನ್ಸರಲ್ಲ. ಹುಟ್ಟಿದ ಮೇಲೆ ಬೆಳೆಯುವುದಿಲ್ಲ. ಕತ್ತರಿಸಿ ತೆಗೆದರೆ ಮರಳಿ ಬರುವುದಿಲ್ಲ. ತಾಯಿ ನೋಡಿದ ಗ್ರಹಣಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಕತ್ತರಿಸುವುದು ಕೆಲವೇ ನಿಮಿಷಗಳ ಕೆಲಸ. ಕಷ್ಟವಿರುವುದು ಅರಿವಳಿಕೆ ಕೊಡುವಲ್ಲಿ. ಬಾಯಿಯನ್ನೇ ಗಂಟು ತುಂಬಿರುವಾಗ ಉಸಿರಿನ ನಳಿಕೆಯನ್ನು ಒಳಗೆ ಇಳಿಸಬೇಕು.

ಎಲ್ಲ ಗಂಟುಗಳೂ ಹೀಗೆ ಸಾಧುವಲ್ಲ. ಅಂಗುಳಿನಿಂದ ಹೊರಟು ಗಂಟಲನ್ನೇ ಮುಚ್ಚಿಬಿಡುವ ಟೆರಟೋಮ ಎಂಬುದೊಂದುಂಟು. ಅದರೊಳಗೆ ಕೂದಲು, ಎಲುಬು, ಹಲ್ಲುಗಳೂ ಇರಬಹುದು. ಸ್ಕ್ಯಾನಿನಲ್ಲಿ ಮೊದಲೇ ಗೊತ್ತಾದರೆ, ಸಿಸೇರಿಯನ್ ಮಾಡಿ ಮಗುವಿನ ತಲೆಯನ್ನಷ್ಟೇ ಹೊರತೆಗೆದು, ಹೊಕ್ಕುಳಬಳ್ಳಿಯಿಂದ ತಾಯಿಯ ರಕ್ತ ಇನ್ನೂ ಆಮ್ಲಜನಕ ಒದಗಿಸುತ್ತಿರುವಾಗಲೇ ಉಸಿರಿನ ದಾರಿ ಮಾಡುತ್ತಾರೆ. ಮೂಗಿನ ಬುಡದ ಉಬ್ಬು ಕೆಲವೊಮ್ಮೆ ಗಂಟೇ ಅಲ್ಲ, ತಲೆಬುರುಡೆಯ ಸಂದಿನಿಂದ ಹೊರಚಾಚಿದ ಮಿದುಳಿನ ಭಾಗ. ಅಲ್ಲಿ ಅವಸರದ ಕತ್ತರಿ ಪ್ರಾಣಕ್ಕೇ ಮುಳುವಾದೀತು. ಹುಟ್ಟಿದ ಕೆಲವು ವಾರಗಳಲ್ಲಿ ಉಬ್ಬುವ ಕೆಂಪು ರಕ್ತನಾಳದ ಗಂಟುಗಳು ಬಹುಪಾಲು ವರ್ಷಗಳಲ್ಲಿ ತಾವೇ ಕುಗ್ಗುತ್ತವೆ. ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನೊಲಾಲ್ ಔಷಧದಿಂದ ಅವು ಬೇಗ ಕುಗ್ಗುತ್ತವೆಂದು 2008ರಲ್ಲಿ ಫ್ರಾನ್ಸಿನ ವೈದ್ಯರು ಆಕಸ್ಮಿಕವಾಗಿ ಕಂಡುಕೊಂಡರು. ಎಂದಮೇಲೆ ಯಾವುದನ್ನು ಇಂದೇ ತೆಗೆಯಬೇಕು, ಯಾವುದಕ್ಕೆ ಕಾಯಬೇಕು ಎಂಬುದನ್ನು ನಿರ್ಧರಿಸಬೇಕಾದದ್ದು ಮಗುವಿನ ಉಸಿರೇ ಹೊರತು ನೆಂಟರ ನೋಟವಲ್ಲ.

ನಮ್ಮ ಮಗುವಿಗೆ ತೂಕ ಕಡಿಮೆ, ಮೇಲೆ ಕಾಮಾಲೆ. ಮೂಗಿನ ನಳಿಕೆಯಲ್ಲಿ ಹಾಲು ಕೊಡುತ್ತ ಆಪರೇಷನ್ನನ್ನು ಮೂರನೆಯ ವಾರಕ್ಕೆ ಮುಂದೂಡಿದರು. ಅಷ್ಟರಲ್ಲಿ ಹನ್ನೆರಡನೆಯ ದಿನ ಬಂತು. "ಮುಖ ಸರಿಯಾಗಲಿ, ಆಮೇಲೆ ಹೆಸರಿಟ್ಟರಾಯಿತು" ಎಂದು ಬೀಗರು ಹೇಳಿದರು. ಅವರನ್ನು ದೂರುವಂತಿಲ್ಲ, ಅದನ್ನು ಕೂಡಲೇ ಒಪ್ಪಿದವನು ನಾನು. ತಂಗಿಯನ್ನು ಯಾರೂ ಕೇಳಲಿಲ್ಲ.

ಪಕ್ಕದ ತೊಟ್ಟಿಲಲ್ಲಿ ಚಿತ್ತೂರಿನ ಕಡೆಯ ಗಂಡುಮಗು ಇತ್ತು. ಅದರ ಗಂಟು ಗಂಟಲಿನೊಳಗೆ ಇಳಿದಿತ್ತು. ವೈದ್ಯರು ಮಾಡಬಹುದಾದುದನ್ನೆಲ್ಲ ಮಾಡಿದರು. ಆದರೂ ಒಂದು ಬೆಳಗಿನ ಜಾವ ಅದು ತೀರಿಕೊಂಡಿತು. ಕಾಗದಪತ್ರ ತುಂಬಿಕೊಡಿ ಎಂದು ಆ ತಂದೆ ನನ್ನ ಬಳಿ ಬಂದ. ಕೇಂದ್ರ ಸರ್ಕಾರದ ಗುಮಾಸ್ತನಾಗಿ ಇಪ್ಪತ್ತು ವರ್ಷಗಳಿಂದ ಅರ್ಜಿಗಳನ್ನು ತುಂಬುತ್ತಿರುವ ಕೈ ನನ್ನದು. ಮೊದಲ ಕಾಲಮ್ಮಿನಲ್ಲಿಯೇ ನಿಂತಿತು. ಹೆಸರು? "ಇನ್ನೂ ಇಟ್ಟಿರಲಿಲ್ಲ" ಎಂದು ತೆಲುಗಿನಲ್ಲಿ ಹೇಳಿ ಆತ ಗೋಡೆಯ ಕಡೆಗೆ ತಿರುಗಿಕೊಂಡ.

ಕಾನೂನಿನಲ್ಲಿ ಇದಕ್ಕೆ ಅಡ್ಡಿಯಿಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಹೆಸರಿಲ್ಲದೆಯೂ ಜನನವನ್ನು ನೋಂದಾಯಿಸಬಹುದು. ಹೆಸರನ್ನು ಆಮೇಲೆ ಸೇರಿಸಬಹುದು. ಸರ್ಕಾರದ ರಿಜಿಸ್ಟರು ಕಾಯಬಲ್ಲದು. ಆದರೆ ನಾವು ಏತಕ್ಕಾಗಿ ಕಾಯುತ್ತಿದ್ದೆವು? ಆಪರೇಷನ್ ಚೆನ್ನಾಗಿ ಆದರೆ ಈ ಮಗು ನಮ್ಮದು, ಇಲ್ಲವಾದರೆ ಹೆಸರಿನ ನೆನಪೂ ಉಳಿಯುವುದು ಬೇಡ ಎಂದಲ್ಲವೆ? ಬಾಯಿಬಿಟ್ಟು ಯಾರೂ ಹಾಗೆ ಹೇಳಲಿಲ್ಲ. ಆದರೆ ನಮ್ಮ ನಡತೆಗೆ ಬೇರೆ ಅರ್ಥ ನನಗೆ ಹೊಳೆಯುತ್ತಿಲ್ಲ.

ಇಂಥ ತಪ್ಪು ನಮ್ಮಂಥ ಗೃಹಸ್ಥರಿಂದ ಮಾತ್ರ ಆಗಿಲ್ಲ. ಎಳೆಗೂಸಿಗೆ ನೋವು ತಿಳಿಯುವುದಿಲ್ಲವೆಂದು ನಂಬಿ, ಮುಂದುವರಿದ ದೇಶಗಳಲ್ಲಿಯೂ 1980ರ ದಶಕದವರೆಗೆ ನವಜಾತ ಶಿಶುಗಳಿಗೆ ಎಷ್ಟೋ ವೇಳೆ ಸಾಕಷ್ಟು ನೋವುನಿವಾರಕವಿಲ್ಲದೆಯೇ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಇಂದೋರಿನಲ್ಲಿ ವೈದ್ಯಶಾಸ್ತ್ರ ಓದಿ ಆಕ್ಸ್‌ಫರ್ಡಿಗೆ ಹೋದ ನಮ್ಮ ದೇಶದ ಡಾ. ಕೆ. ಜೆ. ಎಸ್. ಆನಂದ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಸಂಶೋಧನೆ ಈ ನಂಬಿಕೆಯನ್ನು ಅಲುಗಾಡಿಸಿತು. ಸರಿಯಾದ ಅರಿವಳಿಕೆ ಪಡೆದ ಶಿಶುಗಳು ಶಸ್ತ್ರಚಿಕಿತ್ಸೆಯ ಆಘಾತವನ್ನು ಎಷ್ಟೋ ಚೆನ್ನಾಗಿ ತಾಳಿಕೊಂಡವು. ಮಾತು ಬಾರದವರಿಗೆ ನೋವಿಲ್ಲವೆಂದು ತಿಳಿಯುವುದೂ, ಮುಖ ಸರಿಯಿಲ್ಲದವರಿಗೆ ಹೆಸರು ಬೇಡವೆಂದು ತಿಳಿಯುವುದೂ ಒಂದೇ ಬೇರಿನ ಎರಡು ಕವಲು.

ಹಾಗಾದರೆ ರೂಪಕ್ಕೆ ಬೆಲೆಯೇ ಇಲ್ಲವೆ ಎಂದು ನೀವು ಕೇಳಬಹುದು. ಇದೆ. ಹೆಣ್ಣುಮಗು, ನಾಳೆ ಶಾಲೆಗೆ ಹೋಗಬೇಕು, ನಾಲ್ಕು ಜನರ ನಡುವೆ ಬಾಳಬೇಕು. ಮುಖವನ್ನು ನೇರ್ಪಡಿಸುವ ಶಸ್ತ್ರವಿದ್ಯೆ ದೊಡ್ಡ ಉಪಕಾರವೇ. ನಾನು ಹೇಳುವುದಿಷ್ಟೆ: ಅದು ಮೂರನೆಯ ಪ್ರಶ್ನೆ. ಉಸಿರು ಮೊದಲು, ಹಾಲು ಆಮೇಲೆ, ರೂಪ ಅನಂತರ. ಹೆಸರಾದರೋ ಈ ಮೂರಕ್ಕೂ ಮುಂಚಿನದು. ಅದು ಬಹುಮಾನವಲ್ಲ, ಹುಟ್ಟಿದ್ದಕ್ಕೆ ಸಲ್ಲಬೇಕಾದ ಬಾಕಿ.

ಆ ಸಂಜೆ ಚಿತ್ತೂರಿನ ಮಗುವಿನ ಸಂಗತಿಯನ್ನು ತಂಗಿಗೆ ಹೇಳಲೋ ಬೇಡವೋ ಎಂದು ಹಿಂಜರಿದೆ. ಅವಳಿಗೆ ಆಗಲೇ ಗೊತ್ತಿತ್ತು. "ಅಣ್ಣಾ, ನಾನು ಹೆಸರಿಟ್ಟು ಹತ್ತು ದಿನವಾಯಿತು. ನೀವು ಯಾರೂ ಕೇಳಲಿಲ್ಲ" ಎಂದಳು. ಆಪರೇಷನ್ನಿನ ದಿನ ನರ್ಸ್ ಕೇಳಿದಾಗ ಆ ಹೆಸರನ್ನು ನಾನೇ ಗಟ್ಟಿಯಾಗಿ ಹೇಳಿದೆ. ತಾಯಿ ಮಗುವಿನ ಕಿವಿಯಲ್ಲಿ ಅದನ್ನು ಮೂರು ಸಲ ಹೇಳಿ ಒಳಗೆ ಕಳುಹಿಸಿಕೊಟ್ಟರು.

ಮಗು ಈಗ ಹಾಸನದಲ್ಲಿ ಆರೋಗ್ಯವಾಗಿದೆ, ಹಲ್ಲು ಬಂದಿವೆ. ವಾಚಕರಲ್ಲಿ ನನ್ನದೊಂದು ವಿನಂತಿ. ನಾವಿರುವ ಈ ಊರಿನಲ್ಲಿ ಎಗ್ಮೋರಿನ ಸರ್ಕಾರಿ ಮಕ್ಕಳ ಆಸ್ಪತ್ರೆಯಂಥ ದೊಡ್ಡ ಸಂಸ್ಥೆಗಳಿವೆ. ಬಡವರಿಗೂ ಅಲ್ಲಿ ಶಸ್ತ್ರಚಿಕಿತ್ಸೆ ಉಂಟು. ನಿಮ್ಮ ಬಳಗದಲ್ಲಿ ಇಂಥ ಮಗು ಹುಟ್ಟಿದರೆ ಗ್ರಹಣದ ಲೆಕ್ಕ ಹಾಕುತ್ತ ಕೂರದೆ ಬೇಗ ತಜ್ಞರಿಗೆ ತೋರಿಸಿ. ಹೊರಡುವ ಮುನ್ನ, ಆ ಬಾಣಂತಿಯನ್ನು ಒಂದು ಮಾತು ಕೇಳಿ: ಮಗುವಿನ ಹೆಸರೇನು?