ಹುಳಿ ದ್ರಾಕ್ಷಿಯ ಗಾದೆ

ಯೆಹೆಜ್ಕೇಲನ ಪುಸ್ತಕ, 18ನೇ ಅಧ್ಯಾಯ ತೆಗೆಯಿರಿ. ಮೊಬೈಲ್‌ನಲ್ಲಿ ಓದೋರು ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ, ಪ್ಲೀಸ್.

ಎರಡನೇ ವಚನದಲ್ಲಿ ಒಂದು ಗಾದೆ ಇದೆ. ಹುಳಿ ದ್ರಾಕ್ಷಿ ತಿಂದದ್ದು ಅಪ್ಪಂದಿರಂತೆ, ಹಲ್ಲು ಜುಮ್ ಅಂದದ್ದು ಮಕ್ಕಳಿಗಂತೆ. ಕೇಳಿದ ಕೂಡಲೇ ನಿಮ್ಮ ಹಲ್ಲೂ ಜುಮ್ ಅಂತಲ್ವಾ? ಹೀಬ್ರೂ ಭಾಷೆಯಲ್ಲಿ ಇದು ಬರೀ ಆರು ಪದ. ಮೂರು ಅಪ್ಪಂದಿರಿಗೆ, ಮೂರು ಮಕ್ಕಳಿಗೆ. ಚಿಕ್ಕದು, ಕಣ್ಣಿಗೆ ಕಾಣುತ್ತೆ, ಬಾಯಿಗೆ ತಾಗುತ್ತೆ. ಯಾರೂ ಕೂತು ಬಾಯಿಪಾಠ ಮಾಡಬೇಕಾಗಿಲ್ಲ. ನಮ್ಮಲ್ಲೂ ಇದೆಯಲ್ಲ, "ನೂಲಿನಂತೆ ಸೀರೆ, ತಾಯಿಯಂತೆ ಮಗಳು." ಒಂದು ಸಲ ಕೇಳಿದರೆ ಸಾಕು, ಸಾಯೋವರೆಗೂ ಮರೆಯಲ್ಲ.

ಯೆಹೆಜ್ಕೇಲ ಇದ್ದದ್ದು ಬಾಬೆಲಿನಲ್ಲಿ, ಕೆಬಾರ್ ನದಿಯ ಹತ್ತಿರ, ಕ್ರಿ.ಪೂ. 597ರಲ್ಲಿ ಸೆರೆಹೋದವರ ಮಧ್ಯೆ. ಯೆರೆಮೀಯ ಇದ್ದದ್ದು ಯೆರೂಸಲೇಮಿನಲ್ಲಿ. ಅವನ ಪುಸ್ತಕದ 31:29ರಲ್ಲೂ ಇದೇ ಗಾದೆ! ನೂರಾರು ಮೈಲಿ ದೂರ, ವಾಟ್ಸಾಪ್ ಇಲ್ಲ, ಆದರೂ ಎರಡೂ ಕಡೆ ಜನರ ಬಾಯಲ್ಲಿ ಒಂದೇ ಮಾತು. ಯಾಕೆ ಗೊತ್ತಾ? ಹೇಳೋಕೆ ಸುಲಭ ಅಂತ ಮಾತ್ರ ಅಲ್ಲ. ಆ ಮಾತು ಅವರಿಗೆ ಬೇಕಾಗಿತ್ತು. ತಪ್ಪು ಅಪ್ಪಂದು, ಶಿಕ್ಷೆ ನಮಗೆ, ಇನ್ನು ನಾವೇನು ಮಾಡೋಕಾಗುತ್ತೆ ಅಂತ ಕೈಚೆಲ್ಲಿ ಕೂತಿದ್ದರು. ಅದರಲ್ಲಿ ಸ್ವಲ್ಪ ನಿಜಾನೂ ಇತ್ತು. ಅಪ್ಪನ ಕುಡಿತದ ಸಾಲಕ್ಕೆ ತನ್ನ ಸಂಬಳದಿಂದ ಇಎಂಐ ಕಟ್ಟುವ ಮಗನನ್ನು ಕೇಳಿ, ಹೇಳ್ತಾನೆ. ಪೂರ್ತಿ ಸುಳ್ಳಾಗಿದ್ದರೆ ಅದು ಅಷ್ಟು ದಿನ ಉಳೀತಾನೇ ಇರಲಿಲ್ಲ.

ದೇವರು ಏನು ಮಾಡಿದರು? ತನ್ನ ಜೀವದಾಣೆ ಇಟ್ಟು, ಇನ್ನು ಮೇಲೆ ಇಸ್ರಾಯೇಲಿನಲ್ಲಿ ಈ ಗಾದೆ ಬೇಡ ಅಂದರು. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅಂತೀವಲ್ಲ, ಇಲ್ಲಿ ಸತ್ಯವೇದವೇ ಗಾದೆಯ ಬಾಯಿ ಮುಚ್ಚಿಸಿತು. ಹಲ್ಲೆಲೂಯ! (ತಮಾಷೆ ನೋಡಿ, ಬೇಡ ಅಂದದ್ದನ್ನು ಬರೆದಿಟ್ಟಿದ್ದರಿಂದಲೇ ಆ ಗಾದೆ ಇವತ್ತು ನಮಗೆ ಗೊತ್ತು.)

ಆಮೇಲೆ ಮೂರು ತಲೆಮಾರಿನ ಮಾತು ಬರುತ್ತೆ. ತಾತ ನೀತಿವಂತ, ಅಪ್ಪ ರಕ್ತ ಸುರಿಸಿದವನು. 14ನೇ ವಚನದ ಮಗ ಅಪ್ಪ ಮಾಡಿದ್ದನ್ನೆಲ್ಲ ನೋಡ್ತಾನೆ. ನೋಡಿ, ಹಾಗೆ ಮಾಡಲ್ಲ. ಅಂಥವರು ನಿಜವಾಗಿ ಇದ್ದರು. ಆಹಾಜ ಅರಸ ಸ್ವಂತ ಮಗನನ್ನು ಬೆಂಕಿಗೆ ಕೊಟ್ಟವನು, ದೇವಾಲಯದ ಬಾಗಿಲು ಮುಚ್ಚಿಸಿದವನು. ಅದೇ ಬಾಗಿಲನ್ನು ತೆರೆಸಿದವನು ಅವನ ಮಗ ಹಿಜ್ಕೀಯ. ಜ್ಞಾನೋಕ್ತಿಗಳು 25:1 ನೋಡಿ. ಇನ್ನೂರು ವರ್ಷಕ್ಕೂ ಹಿಂದಿನ ಸೊಲೊಮೋನನ ಮಾತುಗಳನ್ನು ಬರೆದು ಉಳಿಸಿದವರು ಹಿಜ್ಕೀಯನ ಜನ. ಅಂಥ ಅಪ್ಪನ ಮಗ, ಯಾವ ಹಳೇ ಮಾತು ಮುಂದಕ್ಕೆ ಹೋಗಬೇಕು ಅಂತ ಆರಿಸಿಕೊಂಡ.

ನಿಮಗೆ ಯಾವ ಮಾತು ಅಂಟಿಕೊಂಡಿದೆ? "ಥೇಟ್ ನಿಮ್ಮಪ್ಪನ ಥರಾನೇ ನೀನು." ಅಮ್ಮ ಬೇಜಾರಲ್ಲಿ ಅಂದಿರಬಹುದು. ಮದುವೆ ಗೊತ್ತಾದ ಒಬ್ಬ ಹುಡುಗ ನನ್ನ ಹತ್ತಿರ ಬಂದು ಅತ್ತ. "ಪಾಸ್ಟರ್, ನಾನೂ ಅವಳ ಮೇಲೆ ಕೈ ಎತ್ತಿಬಿಟ್ಟರೆ?" ಏನೂ ಆಗಲ್ಲ ಬಿಡು ಅಂತ ನಾನು ಹೇಳಲಿಲ್ಲ. ಕೋಪ ಬಂದಾಗ ಏನು ಮಾಡ್ತೀಯ ಅಂತ ಕೇಳಿದೆ. ಹುಡುಗಿಗೂ ಈ ಭಯ ಹೇಳು ಅಂದೆ. ಆಮೇಲೆ 14ನೇ ವಚನ ಓದಿಸಿದೆ. "ನೋಡಿ" ಅನ್ನೋ ಪದದ ಹತ್ತಿರ ಬಂದು ನಿಂತ. ಮುಂದೆ ಓದೋಕೆ ಸ್ವಲ್ಪ ಹೊತ್ತು ಹಿಡೀತು.

31ನೇ ವಚನದಲ್ಲಿ ದೇವರು ಹೊಸ ಹೃದಯ ಮಾಡಿಕೊಳ್ಳಿ ಅಂತಾರೆ. ನಮ್ಮ ಕೈಲಿ ಆಗಲ್ಲ ಅಂತ ಅವರಿಗೂ ಗೊತ್ತು, 36:26ರಲ್ಲಿ ನಾನೇ ಕೊಡ್ತೀನಿ ಅಂತಾರೆ. ಕಣ್ಣು ಮುಚ್ಚಿಕೊಳ್ಳಿ. ನಿಮಗೆ ಅಂಟಿರೋ ಆ ಮಾತನ್ನು ಕರ್ತನಿಗೆ ಹೇಳಿ. ಪಕ್ಕದವರಿಗೆ ಕೇಳಿಸಬೇಕಾಗಿಲ್ಲ. ಪ್ರಾರ್ಥಿಸೋಣ.