ಬಣ್ಣ ಬದಲಿಸುವ ಮೀನು ಮತ್ತು ನಾವು

ವಂಚನೆಯನ್ನು ಸಮರ್ಥಿಸಿಕೊಳ್ಳಬೇಕಾದಾಗ ನಾವು ಪ್ರಕೃತಿಯನ್ನು ಸಾಕ್ಷಿಗೆ ಕರೆಯುತ್ತೇವೆ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದೇ ಲೋಕದ ರೀತಿ ಎನ್ನುತ್ತೇವೆ. ಹಿಂದಿನವರು ಇದನ್ನು ಮತ್ಸ್ಯನ್ಯಾಯ ಎಂದು ಕರೆದರು. ಆದರೆ ಅದು ಮೆಚ್ಚುಗೆಯ ಮಾತಾಗಿರಲಿಲ್ಲ, ಅರಾಜಕತೆಯ ಹೆಸರಾಗಿತ್ತು. ಹಾಗಾದರೆ ಆ ಮೀನನ್ನೇ ಒಮ್ಮೆ ವಿಚಾರಿಸೋಣ.

ಬೆಚ್ಚಗಿನ ಕಡಲುಗಳ ಹವಳದ ದಿಬ್ಬಗಳಲ್ಲಿ ಫ್ರಾಗ್‌ಫಿಶ್ ಎಂಬ ಮೀನಿದೆ. ನಾವು ಅದನ್ನು ಕಪ್ಪೆಮೀನು ಎನ್ನೋಣ. ಈಜುವುದು ಅದಕ್ಕೆ ಅಷ್ಟಾಗಿ ಒಗ್ಗದು. ಕಾಲಿನಂತಿರುವ ರೆಕ್ಕೆಗಳನ್ನೂರಿ ಅದು ಸ್ಪಂಜು, ಹವಳ, ಪಾಚಿ ಹಿಡಿದ ಕಲ್ಲುಗಳ ನಡುವೆ ಕುಳಿತುಬಿಡುತ್ತದೆ. ದಿನಗಳು, ವಾರಗಳು ಕಳೆದಂತೆ ಅದರ ಮೈಬಣ್ಣ ಸುತ್ತಲಿನ ಬಣ್ಣಕ್ಕೆ ಹೊಂದಿಕೊಳ್ಳುತ್ತದೆ. ಅದರ ಬೆನ್ನಿನ ಮೊದಲ ಮುಳ್ಳು ಗಾಳದ ಕೋಲಿನಂತಿದೆ; ಅನೇಕ ಜಾತಿಗಳಲ್ಲಿ ಅದರ ತುದಿಯ ತುಣುಕು ಹುಳುವಿನಂತೆಯೋ ಸಿಗಡಿಯಂತೆಯೋ ಕಾಣುತ್ತದೆ. ಅದನ್ನು ಆಡಿಸಿದಾಗ ಆಸೆಪಟ್ಟು ಬಂದ ಮೀನು, ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ ಸಮಯದಲ್ಲಿ ಅದರ ಬಾಯೊಳಗೆ ಸೇರಿರುತ್ತದೆ. ತನ್ನಷ್ಟೇ ದೊಡ್ಡ ಮೀನನ್ನೂ ಅದು ನುಂಗಬಲ್ಲದು.

ಇದು ಮೋಸವಲ್ಲವೇ? ನೋಡಲು ಮೋಸವೇ. ಆದರೆ ಮೋಸ ಅಪರಾಧವಾಗುವುದು ವಿಶ್ವಾಸವಿದ್ದ ಕಡೆ. ಕಪ್ಪೆಮೀನು ಯಾರಿಗೂ ಮಾತು ಕೊಟ್ಟಿಲ್ಲ, ಯಾರ ಉಪ್ಪನ್ನೂ ತಿಂದಿಲ್ಲ. ಹೊಟ್ಟೆ ತುಂಬಿಸಿಕೊಳ್ಳಲು ಅದಕ್ಕೆ ಸಿಕ್ಕಿರುವುದು ಇದೊಂದೇ ದಾರಿ. ತಕ್ಕಡಿಯನ್ನು ನಂಬಿ ಬಂದ ಗಿರಾಕಿಗೆ ತೂಕದಲ್ಲಿ ಕಡಿಮೆ ಕೊಡುವ ವ್ಯಾಪಾರಿಗೆ ಬೇರೆ ದಾರಿಯಿತ್ತು. ನೆರೆಯವನ ಮುಂದೆ ನಗುತ್ತಾ ಬೆನ್ನ ಹಿಂದೆ ಹಗೆ ಬಿತ್ತುವವನಿಗೂ ಇತ್ತು.

2016ರಲ್ಲಿ ಕಡಲು ಮಿತಿಮೀರಿ ಬಿಸಿಯಾಗಿ ಮಾಲ್ದೀವ್ಸ್‌ನ ಹವಳಗಳು ಬಿಳುಚಿಕೊಂಡವು. ಆಗ ಅಲ್ಲಿ ಬಿಳಿಬಣ್ಣಕ್ಕೆ ತಿರುಗಿದ ಕಪ್ಪೆಮೀನನ್ನು ವಿಜ್ಞಾನಿಗಳು ಕಂಡರು. ಸುತ್ತಲಿನದು ಯಾವ ಬಣ್ಣವೋ ಅದರದೂ ಅದೇ ಬಣ್ಣ. ಬೇಡವೆನ್ನುವ ಸ್ವಾತಂತ್ರ್ಯ ಅದಕ್ಕಿಲ್ಲ.

ನಮಗಿದೆ. ಊರೆಲ್ಲ ಲಂಚ ತಿನ್ನುವಾಗ ಒಬ್ಬ ಗುಮಾಸ್ತ ಕೈ ಹಿಂದೆಗೆಯಬಲ್ಲ. ಬೀದಿಯೆಲ್ಲ ದ್ವೇಷದ ಬಣ್ಣಕ್ಕೆ ತಿರುಗಿದಾಗ ಒಂದು ಮನೆ ತನ್ನ ಬಾಗಿಲನ್ನು ತೆರೆದಿಡಬಲ್ಲದು. 'ಎಲ್ಲರೂ ಹಾಗೆಯೇ ಇದ್ದಾರೆ, ನಾನೊಬ್ಬ ಏನು ಮಾಡಲಿ?' ಎಂಬ ಮಾತು ಮೀನಿನ ಬಾಯಲ್ಲಿ ಬಂದಿದ್ದರೆ ಒಪ್ಪಬಹುದಿತ್ತು. ಮನುಷ್ಯನ ಬಾಯಲ್ಲಿ ಅದು ಬರೀ ನೆಪ. ಕಪ್ಪೆಮೀನು ನಮ್ಮ ಪರವಾಗಿ ಸಾಕ್ಷಿ ಹೇಳಲಾರದು.