ನಿಯಮಕ್ಕೆ ಸಾಕ್ಷಿ ಯಾರು?

ಹತ್ತು ಜನರ ಎದುರಿನಲ್ಲಿ ಪಾಲಿಸಿದ ನಿಯಮಕ್ಕೂ ಏಕಾಂತದಲ್ಲಿ ಪಾಲಿಸಿದ ನಿಯಮಕ್ಕೂ ಭೇದವುಂಟೆ ಎಂಬ ಪ್ರಶ್ನೆ ವ್ರತಧಾರಿಗಳಿಗೆ ಹೊಸದಲ್ಲ. ಚತುರ್ದಶಿಯ ಉಪವಾಸ ಹಿಡಿದ ಗೃಹಸ್ಥನು ಮಧ್ಯಾಹ್ನದ ಬಿಸಿಲಿನಲ್ಲಿ ಮನೆಗೆ ಬಂದು ನೀರಿನ ಕೊಡದ ಬಳಿ ಒಬ್ಬನೇ ನಿಂತಾಗ ಅವನನ್ನು ತಡೆಯುವವರು ಯಾರೂ ಇರುವುದಿಲ್ಲ. ಇದೇ ಪ್ರಶ್ನೆಯು ಧರ್ಮಕ್ಷೇತ್ರದಿಂದ ಬಹುದೂರವಾದ ಒಂದೆಡೆಯಲ್ಲಿ, ಅಮೆರಿಕದ ಸೈಕಲ್ ಪಂದ್ಯಗಳಲ್ಲಿ, ಬೇರೊಂದು ವೇಷದಿಂದ ಎದುರಾಗಿರುವುದು ವಿಚಾರಾರ್ಹವಾಗಿದೆ.

ಮೌಂಟನ್ ಬೈಕ್ ಎಂಬ ದಪ್ಪ ಟೈರಿನ ಸೈಕಲ್ಲುಗಳನ್ನು ಕಾಡುದಾರಿಯಲ್ಲಿ ಇಪ್ಪತ್ತನಾಲ್ಕು ಗಂಟೆಗಳ ಕಾಲ ಓಡಿಸುವ ಪಂದ್ಯಗಳು ಆ ದೇಶದಲ್ಲಿ 1990ರ ದಶಕದಲ್ಲಿ ಪ್ರಸಿದ್ಧಿಗೆ ಬಂದವು. ಪಶ್ಚಿಮ ವರ್ಜೀನಿಯಾದ ಕನಾನ್ ಪಂದ್ಯವು ಅವುಗಳಲ್ಲಿ ಒಂದು. ನಾಲ್ವರು ಕೂಡಿದರೆ ಒಂದು ತಂಡ. ಒಬ್ಬನು ಸುತ್ತು ಮುಗಿಸಿ ಬಂದೊಡನೆ ಇನ್ನೊಬ್ಬನು ಹೊರಡುವನು. ಉಳಿದವರು ಉಂಡು ವಿಶ್ರಮಿಸುವರು. ರಾತ್ರಿಯಲ್ಲಿ ದೀಪ ಕಟ್ಟಿಕೊಂಡು ಬೇರು, ಬಂಡೆ, ಕೆಸರುಗಳ ನಡುವೆ ಸಾಗಬೇಕು. 1996ರಲ್ಲಿ ಜಾನ್ ಸ್ಟಾಮ್‌ಸ್ಟಾಡ್ ಎಂಬ ಸವಾರನು ಇದನ್ನು ಏಕಾಕಿಯಾಗಿ ಮಾಡಲು ಬಯಸಿದನು. ಆದರೆ ಒಬ್ಬನಿಗೆ ಪ್ರವೇಶವಿರಲಿಲ್ಲ. ಆತನು ತನ್ನ ಹೆಸರನ್ನೇ ನಾಲ್ಕು ಬಗೆಯಾಗಿ ಬರೆದು ನಾಲ್ವರ ತಂಡವೆಂದು ನೋಂದಾಯಿಸಿ, ನಾಲ್ವರ ಸರದಿಯನ್ನೂ ತಾನೊಬ್ಬನೇ ಸವಾರಿ ಮಾಡಿದನು.

ಇದು ಅಸತ್ಯವೆ? ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದೆಂದು ಪಾಠಶಾಲೆಯ ಬಾಲಕರೂ ಬಲ್ಲರು. ಇಲ್ಲದುದನ್ನು ಇದೆಯೆಂದು ಬರೆದುಕೊಡುವುದೇ ಅದು. ಆತನ ಪರವಾಗಿ ಹೇಳಬಹುದಾದ ಮಾತುಗಳೂ ಇವೆ. ಸುಳ್ಳು ಲೇಖನವನ್ನು ಬರೆಯುವವನು ಸಾಮಾನ್ಯವಾಗಿ ತನ್ನ ಪಾಲಿಗಿಂತ ಹೆಚ್ಚನ್ನು ಪಡೆಯಲೆಂದು ಬರೆಯುತ್ತಾನೆ. ಈತನಾದರೋ ತನ್ನ ಪಾಲಿನ ನಾಲ್ಕರಷ್ಟು ಹೊರೆಯನ್ನು ಹೊರಲೆಂದು ಬರೆದನು. ನಾಲ್ಕು ಹೆಸರುಗಳೂ ಒಬ್ಬನ ಹೆಸರಿನ ರೂಪಾಂತರಗಳೇ ಹೊರತು ಕಲ್ಪಿತ ವ್ಯಕ್ತಿಗಳವಲ್ಲ. ಎದುರಾಳಿಗಳಿಗೆ ಅದರಿಂದ ಹಾನಿಯೂ ಆಗಲಿಲ್ಲ. ಇಷ್ಟಾದರೂ, ಕಾಗದವು ಕೇಳಿದುದು ನಾಲ್ಕು ಮನುಷ್ಯರನ್ನು. ಉತ್ತರವಾಗಿ ಕೊಟ್ಟುದು ಒಬ್ಬನನ್ನು. ಮುಂದೆ ಇಂತಹ ಪಂದ್ಯಗಳಲ್ಲಿ ಏಕಾಕಿ ಸವಾರರಿಗೆಂದೇ ಪ್ರತ್ಯೇಕ ವಿಭಾಗ ಏರ್ಪಟ್ಟಿತೆಂಬುದು ನಿಜ. ಆದರೆ ಫಲವು ಒಳ್ಳೆಯದಾಯಿತೆಂಬ ಕಾರಣಕ್ಕೆ ಬರೆದ ಅಕ್ಷರವು ತಿದ್ದಿಹೋಗುವುದಿಲ್ಲ. ದೋಷವು ಅಲ್ಪ, ದೋಷವಂತೂ ಹೌದು.

ಅದೇ ಸವಾರನು 1999ರಲ್ಲಿ ಮಾಡಿದ ಇನ್ನೊಂದು ಕಾರ್ಯವು ಇದಕ್ಕಿಂತ ಗಹನವಾದುದು. ಉತ್ತರ ಅಮೆರಿಕದ ಬೆನ್ನೆಲುಬಿನಂತಿರುವ ರಾಕಿ ಪರ್ವತಶ್ರೇಣಿಯ ಜಲವಿಭಾಜಕವನ್ನು ಅನುಸರಿಸಿ ಅಡ್ವೆಂಚರ್ ಸೈಕ್ಲಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆಯು ಒಂದು ಮಾರ್ಗವನ್ನು ಗುರುತಿಸಿತ್ತು. ಶ್ರೇಣಿಯ ಪಶ್ಚಿಮಕ್ಕೆ ಬಿದ್ದ ಮಳೆ ಪೆಸಿಫಿಕ್ ಸಾಗರದ ಕಡೆಗೆ, ಪೂರ್ವಕ್ಕೆ ಬಿದ್ದುದು ಅಟ್ಲಾಂಟಿಕ್ ಕಡೆಗೆ ಹರಿಯುವುದು. ವಯೋಮಿಂಗ್ ರಾಜ್ಯದ ಒಂದು ಬಯಲಿನಲ್ಲಿ ಮಾತ್ರ ಬಿದ್ದ ನೀರು ಎರಡು ಕಡೆಗೂ ಹೋಗದೆ ಅಲ್ಲಿಯೇ ಇಂಗಿ ಆರಿಹೋಗುತ್ತದೆ, ಪ್ರಕೃತಿಯ ವೈಚಿತ್ರ್ಯ. ಕೆನಡಾದ ಗಡಿಯಿಂದ ಮೆಕ್ಸಿಕೋದ ಗಡಿಯವರೆಗೆ ಸುಮಾರು 4,000 ಕಿಲೋಮೀಟರುಗಳ ಆ ದಾರಿಯನ್ನು ಆತನು 18 ದಿನ 5 ಗಂಟೆಗಳಲ್ಲಿ ಕ್ರಮಿಸಿದನು. ಎದುರಾಳಿಯಿಲ್ಲ, ತೀರ್ಪುಗಾರನಿಲ್ಲ, ಹಿಂಬಾಲಿಸುವ ವಾಹನವಿಲ್ಲ. ತನ್ನ ಅಗತ್ಯವನ್ನು ತಾನೇ ನೋಡಿಕೊಳ್ಳಬೇಕೆಂಬುದು ತನಗೆ ತಾನೇ ಹಾಕಿಕೊಂಡ ಕಟ್ಟು. ನೋಂದಣಿಯ ಕಾಗದವನ್ನು ಯಾರೂ ಕೇಳದಿದ್ದ ಕಡೆ ಆತನ ಸತ್ಯದ ಭಾರವೆಲ್ಲ ಆತನ ಮೇಲೆಯೇ ಬಿದ್ದಿತು.

2008ರಲ್ಲಿ ಆರಂಭವಾದ ಟೂರ್ ಡಿವೈಡ್ ಎಂಬ ಸ್ಪರ್ಧೆಯು ಆ ದಾರಿಯನ್ನು ಕೆನಡಾದ ಬ್ಯಾನ್ಫ್ ಪಟ್ಟಣದವರೆಗೆ ವಿಸ್ತರಿಸಿಕೊಂಡು ಆ ಕಟ್ಟನ್ನೇ ನಿಯಮವಾಗಿ ಸ್ವೀಕರಿಸಿತು. ಪ್ರವೇಶಶುಲ್ಕವಿಲ್ಲ, ಬಹುಮಾನವಿಲ್ಲ. ಅಂಗಡಿ, ವಸತಿಗೃಹ, ಅಂಚೆಕಚೇರಿ ಮೊದಲಾಗಿ ಎಲ್ಲರಿಗೂ ಸಮಾನವಾಗಿ ತೆರೆದಿರುವುದನ್ನು ಸವಾರನು ಬಳಸಬಹುದು. ಬಂಧುಮಿತ್ರರು ತನಗೆಂದೇ ಮುಂಚಿತವಾಗಿ ಏರ್ಪಡಿಸಿದ ನೆರವನ್ನು ಪಡೆಯಬಾರದು. ಇನ್ನೊಬ್ಬನ ಬೆನ್ನಿಗಂಟಿಕೊಂಡು, ಅವನು ಸೀಳಿದ ಗಾಳಿಯ ಮರೆಯಲ್ಲಿ ಸಾಗುವುದೂ ನಿಷಿದ್ಧ. ಗಾಳಿಯ ಮರೆಯೂ ಇನ್ನೊಬ್ಬನ ಶ್ರಮದ ಫಲವೇ ಎಂಬ ಈ ಸೂಕ್ಷ್ಮವನ್ನು ಅಚೌರ್ಯವ್ರತದ ವಿವೇಚನೆ ಮಾಡುವವರು ಮೆಚ್ಚದಿರಲಾರರು.

ಈಗ ಸವಾರರು ಉಪಗ್ರಹದ ಮೂಲಕ ತಮ್ಮ ಸ್ಥಾನವನ್ನು ತಿಳಿಸುವ ಕಿರುಯಂತ್ರವನ್ನು ಒಯ್ಯುತ್ತಾರೆ. ಮನೆಯಲ್ಲಿ ಕುಳಿತವರು ನಕ್ಷೆಯ ಮೇಲೆ ಚಲಿಸುವ ಚುಕ್ಕೆಯನ್ನು ನೋಡಬಹುದು. ಅಲ್ಲಿಗೆ ಸಾಕ್ಷಿ ದೊರೆಯಿತೆಂದು ಕೆಲವರು ಭಾವಿಸಬಹುದು. ಆದರೆ ಚುಕ್ಕೆಯು ಸವಾರನು ಎಲ್ಲಿ ನಿಂತನೆಂದು ಹೇಳೀತೇ ಹೊರತು ಯಾರ ಕೈಯಿಂದ ಏನನ್ನು ಸ್ವೀಕರಿಸಿದನೆಂದು ಹೇಳಲಾರದು. ದಾರಿಬದಿಯಲ್ಲಿ ಅರ್ಧ ಗಂಟೆ ನಿಂತ ಚುಕ್ಕೆ ಪಂಕ್ಚರ್ ಹಾಕುತ್ತಿರಬಹುದು, ಗೆಳೆಯನು ತಂದಿಟ್ಟ ಬಿಸಿಯೂಟವನ್ನು ಉಣ್ಣುತ್ತಿರಬಹುದು.

ಹಾಗೆಂದು ಈ ಸಾಹಸವನ್ನು ತಪಸ್ಸೆಂದು ಕರೆಯುವುದು ಅವಿವೇಕವಾದೀತು. ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಮೂರು ಶಲ್ಯಗಳನ್ನು ಕಳೆದುಕೊಂಡವನೇ ವ್ರತಿ. ದಾಖಲೆಯ ಹಂಬಲವು ನಿದಾನವಲ್ಲದೆ ಮತ್ತೇನು? ದೇಹದ ವಿಷಯದಲ್ಲಿಯೂ ಎಚ್ಚರ ಬೇಕು. ಎಷ್ಟು ನಿದ್ರಿಸಬೇಕೆಂದು ಆ ಸ್ಪರ್ಧೆಯು ವಿಧಿಸುವುದಿಲ್ಲ. ಪ್ರತಿ ರಾತ್ರಿಯೂ ಸವಾರನೇ ನಿರ್ಣಯಿಸಬೇಕು. ತಪಸ್ಸು ಶಕ್ತ್ಯನುಸಾರವಾಗಿರಬೇಕೆಂದು ಹಿರಿಯರು ವಿಧಿಸಿದುದು ಶಕ್ತಿಯನ್ನು ಬಚ್ಚಿಡಬಾರದೆಂದೂ ಹೌದು, ಮೀರಬಾರದೆಂದೂ ಹೌದು. 2015ರಲ್ಲಿ ಲೇಲ್ ವಿಲ್ಕಾಕ್ಸ್ ಎಂಬ ಮಹಿಳೆಯು ಶ್ವಾಸಕೋಶದ ತೊಂದರೆಯಿಂದ ಬಳಲಿ, ಮೊಂಟಾನಾದ ಹೆಲೆನಾ ನಗರದಲ್ಲಿ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಪಡೆದು ಮುಂದುವರಿದಳು. 17 ದಿನಗಳಿಗೆ ತುಸು ಮೇಲ್ಪಟ್ಟ ಅವಧಿಯಲ್ಲಿ ಗುರಿ ಮುಟ್ಟಿದಳು. ಆಸ್ಪತ್ರೆಯ ಬಾಗಿಲು ಎಲ್ಲರಿಗೂ ತೆರೆದುದಾದ್ದರಿಂದ ನಿಯಮಭಂಗವಾಗಲಿಲ್ಲ. ಮುಂದುವರಿದುದು ಶಕ್ತಿಯೊಳಗಿನದೋ ಮೀರಿದುದೋ ಎಂಬುದನ್ನು ಆಕೆಯ ಉಸಿರೇ ಬಲ್ಲುದು. ದೂರದಲ್ಲಿರುವವರು ತೀರ್ಪು ಕೊಡುವುದು ಸಲ್ಲದು.

ಸ್ಪರ್ಧೆಯ ಕೊನೆ ನ್ಯೂ ಮೆಕ್ಸಿಕೋ ರಾಜ್ಯದ ಆಂಟೆಲೋಪ್ ವೆಲ್ಸ್. ಹೆಸರು ಕೇಳಿ ಊರೆಂದು ತಿಳಿಯಬಾರದು. ಅಲ್ಲಿರುವುದು ಗಡಿಯ ಠಾಣೆ, ಬೇಲಿ, ಸುತ್ತ ಬರಡು ಬಯಲು. ಅಪರಾತ್ರಿಯಲ್ಲಿ ತಲಪಿದವನಿಗೆ ಠಾಣೆಯ ಬಾಗಿಲು ಮುಚ್ಚಿರುತ್ತದೆ. ಆತನು ಸೈಕಲ್ಲನ್ನು ಒರಗಿಸಿ, ಗಂಟೆಯನ್ನು ನೋಡಿಕೊಂಡು, ಹಿಂದಿರುಗಲು ಯಾವುದಾದರೂ ವಾಹನ ಬರುವುದೋ ಎಂದು ಕಾಯಬೇಕಾಗುತ್ತದೆ.